ಆರಿಸಿದ ದೀಪದ ಹೋಲ್ಡರಿನಲ್ಲಿ ಕರೆಂಟು: ಮನೆಯ ವೈರಿಂಗ್ ದೋಷ ಸರಿಪಡಿಸಿಕೊಡುವಂತೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗೃಹ ವೈರಿಂಗ್ ಗುತ್ತಿಗೆ ಸಂಸ್ಥೆ,
ಮೈಸೂರು.

ವಿಷಯ: ದೀಪದ ಸ್ವಿಚ್ಚುಗಳನ್ನು ತಪ್ಪಾಗಿ ಜೋಡಿಸಿರುವುದು, ಆರ್‌ಸಿಸಿಬಿಗಳನ್ನು (ಕರೆಂಟು ಸೋರಿದರೆ ಸರಬರಾಜನ್ನು ತಾನಾಗಿ ಕಡಿಯುವ ಸಾಧನಗಳನ್ನು) ಬಿಟ್ಟು ನೇರವಾಗಿ ವೈರ್ ಕೊಟ್ಟು ನಿಷ್ಕ್ರಿಯಗೊಳಿಸಿರುವುದು ಮತ್ತು ಅದರಿಂದ ಆದ ಅಪಘಾತದ ಕುರಿತು.

ಮಾನ್ಯರೇ,

ಕುವೆಂಪುನಗರದಲ್ಲಿರುವ ನಮ್ಮ ಮನೆಯ ಕೆಳ ಅಂತಸ್ತಿನ ಹಳೆಯ ವೈರಿಂಗ್ ತೆಗೆದು ಹೊಸದು ಹಾಕುವುದು, ಮೇಲೆ ಹೊಸದಾಗಿ ಕಟ್ಟಿಸಿದ ಅಂತಸ್ತಿಗೆ ವೈರ್ ಎಳೆಯುವುದು, ಎರಡೂ ಸೇರಿ 84 ಪಾಯಿಂಟುಗಳ ಕೆಲಸವನ್ನು ಪಾಯಿಂಟಿಗೆ ಇಷ್ಟೆಂದು ಒಪ್ಪಂದ ಮಾಡಿಕೊಂಡು ನಿಮ್ಮ ಸಂಸ್ಥೆಗೆ ವಹಿಸಿದ್ದೆವು. ಈ ವರ್ಷದ ಯುಗಾದಿಗೆ ಮುಂಚೆ ಕೆಲಸ ಮುಗಿಯಿತು. ಒಂದು ರೂಪಾಯಿ ಬಾಕಿಯಿಲ್ಲದಂತೆ ಹಣ ಸಂದಾಯ ಮಾಡಿದೆವು. ಆ ಕೆಲಸದಲ್ಲಿ ದೀಪದ ಸ್ವಿಚ್ಚುಗಳನ್ನು ಜೋಡಿಸಿರುವ ರೀತಿಯೇ ತಪ್ಪಾಗಿದ್ದು, ಅದರಿಂದಾಗಿ ಮಹಾನವಮಿಯ ಹಿಂದಿನ ದಿನ ನಮ್ಮ ಯಜಮಾನರಿಗೆ ಶಾಕ್ ಹೊಡೆದು ಅವರು ಏಣಿಯಿಂದ ಬಿದ್ದರು. ಆಮೇಲೆ ಎರಡು ಬಾರಿ ಫೋನ್ ಮಾಡಿದಾಗಲೂ “ಹುಡುಗರನ್ನ ಕಳಿಸ್ತೀವಿ ಮೇಡಂ” ಎಂಬ ಮಾತಿನ ಹೊರತು ಏನೂ ಆಗದಿರುವುದರಿಂದ ಈ ದೂರನ್ನು ಬರಹದಲ್ಲಿ ಸಲ್ಲಿಸುತ್ತಿದ್ದೇನೆ.

ಅಂದು ಆಯುಧಪೂಜೆಗೆಂದು ಮನೆಯನ್ನೆಲ್ಲ ಒರೆಸಿ ಶುಚಿ ಮಾಡುತ್ತಿದ್ದೆವು. ಮೆಟ್ಟಿಲು ತಿರುಗುವ ಕಡೆ ಗೋಡೆಯ ಮೇಲಿರುವ ದೀಪಕ್ಕೆ ಕೆಳಗೊಂದು, ಮೇಲೊಂದು ಟು-ವೇ ಸ್ವಿಚ್ ಇದೆ, ಎರಡರಲ್ಲಿ ಯಾವುದರಿಂದಲೂ ದೀಪ ಹೊತ್ತಿಸಬಹುದು, ಆರಿಸಬಹುದು. ಉರಿಯುತ್ತಿದ್ದ ದೀಪವನ್ನು ಯಜಮಾನರು ಕೆಳಗಿನ ಸ್ವಿಚ್ಚಿನಿಂದ ಆರಿಸಿ, ಆರಿದ್ದನ್ನು ಕಣ್ಣಾರೆ ಕಂಡು, ಬರಿಗಾಲಿನಲ್ಲಿ ಕಬ್ಬಿಣದ ಏಣಿ ಹತ್ತಿ ಬಲ್ಬನ್ನು ಕಳಚಿ ನನ್ನ ಕೈಗೆ ಕೊಟ್ಟರು. ಧೂಳು ಕೂತಿದ್ದ ಹೋಲ್ಡರಿನ ಒಳಗೆ ಹಿಂಡಿದ ಬಟ್ಟೆ ಹಾಕಿ ತಿರುವಿದ ಕ್ಷಣದಲ್ಲಿ ಅವರ ಕೈ ಒಮ್ಮೆಲೇ ಹಿಂದಕ್ಕೆ ಬಂತು, ಏಣಿ ಜಾರಿತು. ಕೆಳಗಿನ ನಾಲ್ಕು ಮೆಟ್ಟಿಲ ಮೇಲೆ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಒಂದೂವರೆ ತಿಂಗಳು ಪ್ಲಾಸ್ಟರಿನಲ್ಲಿದ್ದರು. ತಲೆ ಗ್ರಾನೈಟಿನ ಅಂಚಿಗೆ ತಗಲದೆ ಉಳಿದದ್ದು ಚಾಮುಂಡಿಯ ದಯೆ.

ಒದ್ದೆ ಬಟ್ಟೆ ಮುಟ್ಟಿಸಬಾರದಿತ್ತು, ಮೇನ್ ಆರಿಸಿಕೊಳ್ಳಬೇಕಿತ್ತು ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದರು. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಸ್ವಿಚ್ ಆರಿಸಿದ ಮೇಲೆ ಹೋಲ್ಡರಿನಲ್ಲಿ ಕರೆಂಟು ಏಕಿತ್ತು ಎಂಬ ನನ್ನ ಪ್ರಶ್ನೆಗೆ ಆ ಮಾತು ಉತ್ತರವಲ್ಲ. ಮನೆಯವರಿಗಷ್ಟೇ ಅಲ್ಲ, ಬಣ್ಣ ಬಳಿಯಲು ಬರುವವರಿಗೂ ಬಲ್ಬು ಬದಲಿಸಿಕೊಡುವ ಪಕ್ಕದ ಮನೆಯ ಹುಡುಗನಿಗೂ ಇರುವ ನಂಬಿಕೆ ಒಂದೇ: ಸ್ವಿಚ್ ಆರಿಸಿದರೆ ಅಲ್ಲಿಂದಾಚೆಗೆ ಕರೆಂಟು ಇರುವುದಿಲ್ಲ.

ಮರುವಾರ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಹೊಂದಿರುವ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ನನ್ನೆದುರಿಗೇ ಬೋರ್ಡುಗಳನ್ನು ಬಿಚ್ಚಿಸಿದೆ. ಅವರು ಮೆಟ್ಟಿಲ ದೀಪವನ್ನು ಮೊದಲು ಮೇಲಿನ ಸ್ವಿಚ್ಚಿನಿಂದ ಆರಿಸಿ ಟೆಸ್ಟರ್ ಇಟ್ಟಾಗ ಹೋಲ್ಡರಿನ ಎರಡು ಪಿನ್ನುಗಳಲ್ಲಿ ಯಾವುದರಲ್ಲೂ ಬೆಳಕು ಬರಲಿಲ್ಲ. ಮತ್ತೆ ಹೊತ್ತಿಸಿ ಕೆಳಗಿನ ಸ್ವಿಚ್ಚಿನಿಂದ ಆರಿಸಿದಾಗ ಎರಡೂ ಪಿನ್ನುಗಳಲ್ಲಿ ಟೆಸ್ಟರ್ ಉರಿಯಿತು. ಕೆಳ ಅಂತಸ್ತಿನ ದೀಪಗಳ ಎಂಸಿಬಿಯನ್ನು (ಆ ಸಾಲಿನ ಕರೆಂಟು ಕಡಿಯುವ ಸ್ವಿಚ್ಚನ್ನು) ಇಳಿಸಿದಾಗ ಒಂದು ಪಿನ್ನಿನ ಕರೆಂಟು ಹೋಯಿತು, ಇನ್ನೊಂದರಲ್ಲಿ ಹಾಗೆಯೇ ಉಳಿಯಿತು. ಅದು ಮೇಲಿನ ಅಂತಸ್ತಿನ ಎಂಸಿಬಿಯಿಂದ ಬರುತ್ತಿತ್ತು.

ಇದು ಹೇಗೆ ಸಾಧ್ಯವೆಂಬುದನ್ನು ನಿಮ್ಮ ಹುಡುಗರಿಗೆ ತಿಳಿಯಲೆಂದೇ ವಿವರವಾಗಿ ಬರೆಯುತ್ತೇನೆ. ಟು-ವೇ ಸ್ವಿಚ್ಚಿಗೆ ಮೂರು ಟರ್ಮಿನಲ್ಲುಗಳಿರುತ್ತವೆ, ಒಂದು ಕಾಮನ್, ಉಳಿದೆರಡು ಅದು ಆಚೀಚೆ ಹೊರಳುವ ಜಾಗಗಳು. ಸರಿಯಾದ ಕ್ರಮದಲ್ಲಿ ಫೇಸ್ (ಕರೆಂಟು ತರುವ ವೈರ್) ಒಂದು ಸ್ವಿಚ್ಚಿನ ಕಾಮನ್ನಿಗೆ ಬರಬೇಕು, ಎರಡು ಸ್ವಿಚ್ಚುಗಳ ನಡುವೆ ಎರಡು ವೈರುಗಳು ಓಡಬೇಕು, ಎರಡನೆಯ ಸ್ವಿಚ್ಚಿನ ಕಾಮನ್ನಿನಿಂದ ದೀಪಕ್ಕೆ ವೈರ್ ಹೋಗಬೇಕು, ನ್ಯೂಟ್ರಲ್ (ಕರೆಂಟು ಮರಳುವ ವೈರ್) ಯಾವ ಸ್ವಿಚ್ಚನ್ನೂ ಮುಟ್ಟದೆ ನೇರವಾಗಿ ದೀಪಕ್ಕೆ ಬರಬೇಕು. ಹೀಗಿದ್ದರೆ ದೀಪ ಆರಿದಾಗಲೆಲ್ಲ ಹೋಲ್ಡರಿಗೆ ಫೇಸ್ ತಲುಪುವುದೇ ಇಲ್ಲ. ನಮ್ಮ ಮನೆಯಲ್ಲಿ ಆಗಿರುವುದು ಬೇರೆ. ಎರಡೂ ಸ್ವಿಚ್ಚುಗಳ ಆಚೀಚೆಯ ಟರ್ಮಿನಲ್ಲುಗಳಿಗೆ ಆಯಾ ಅಂತಸ್ತಿನ ಬೋರ್ಡಿನಿಂದಲೇ ಒಂದು ಫೇಸ್, ಒಂದು ನ್ಯೂಟ್ರಲ್ ಕೊಟ್ಟು, ಎರಡು ಕಾಮನ್ನುಗಳನ್ನು ದೀಪದ ಎರಡು ತುದಿಗಳಿಗೆ ಕಟ್ಟಲಾಗಿದೆ. ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಬಂದಾಗ ದೀಪ ಹೊತ್ತುತ್ತದೆ. ಎರಡೂ ಕಡೆ ನ್ಯೂಟ್ರಲ್ ಇದ್ದರೂ ಆರುತ್ತದೆ, ಎರಡೂ ಕಡೆ ಫೇಸ್ ಇದ್ದರೂ ಆರುತ್ತದೆ. ನೋಡುವವರಿಗೆ ಎರಡೂ ಒಂದೇ ಕತ್ತಲೆ. ಎರಡನೆಯದರಲ್ಲಿ ಮಾತ್ರ ಹೋಲ್ಡರಿನ ಎರಡೂ ಪಿನ್ನುಗಳಲ್ಲಿ 230 ವೋಲ್ಟ್ ಕಾದು ಕೂತಿರುತ್ತದೆ. ಒಂದೇ ಸ್ವಿಚ್ಚಿನೊಳಗೆ ಫೇಸನ್ನೂ ನ್ಯೂಟ್ರಲನ್ನೂ ಅಕ್ಕಪಕ್ಕದಲ್ಲಿ ತಂದು ನಿಲ್ಲಿಸಿರುವುದರಿಂದ ಒಳಗಿನ ಸಂಪರ್ಕ ಸವೆದರೆ ಶಾರ್ಟ್ ಆಗುವ ಅಪಾಯವೂ ಜೊತೆಗಿದೆ. ಇಷ್ಟೆಲ್ಲ ಆದದ್ದು ಮೇಲಿಂದ ಕೆಳಕ್ಕೆ ಎಳೆಯಬೇಕಿದ್ದ ಎರಡು ವೈರುಗಳನ್ನು ಉಳಿಸಲು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇದಕ್ಕಿಂತ ಗಂಭೀರವಾದುದು ಡಿಬಿಯಲ್ಲಿ (ಮನೆಯ ಎಲ್ಲ ಸಾಲುಗಳಿಗೂ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ) ಸಿಕ್ಕಿತು. ಪ್ರತಿ ಅಂತಸ್ತಿಗೆ ಒಂದರಂತೆ 30 ಮಿಲಿ ಆಂಪಿಯರಿನ ಎರಡು ಆರ್‌ಸಿಸಿಬಿಗಳನ್ನು ನಾವು ಕೇಳಿ ಹಾಕಿಸಿದ್ದೆವು. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಮರಳಿ ಬಂದ ಕರೆಂಟಿಗೂ ಲೆಕ್ಕ ತಪ್ಪಿದರೆ ಸರಬರಾಜನ್ನು ಕಡಿದು ಹಾಕುವುದು ಅದರ ಕೆಲಸ. ಏಪ್ರಿಲ್ ತಿಂಗಳಿಡೀ ಮೆಟ್ಟಿಲ ದೀಪ ಹಾಕಿದೊಡನೆ ಆರ್‌ಸಿಸಿಬಿ ಬೀಳುತ್ತಿದೆ ಎಂದು ನಿಮಗೆ ದೂರು ಹೇಳಿದ್ದೆವು. ಬೀಳಲೇಬೇಕು, ಏಕೆಂದರೆ ಆ ದೀಪ ಒಂದು ಅಂತಸ್ತಿನ ಫೇಸನ್ನು ತೆಗೆದುಕೊಂಡು ಇನ್ನೊಂದು ಅಂತಸ್ತಿನ ನ್ಯೂಟ್ರಲಿಗೆ ಕೊಡುತ್ತಿತ್ತು. 9 ವ್ಯಾಟಿನ ಬಲ್ಬು ಕೂಡ ಕನಿಷ್ಠ 39 ಮಿಲಿ ಆಂಪಿಯರ್ ಎಳೆಯುವುದರಿಂದ 30ರ ಮಿತಿಯನ್ನು ದಾಟಲು ಅದೊಂದೇ ಸಾಕು. ವೈರಿಂಗ್ ತಪ್ಪಾಗಿದೆ ಎಂದು ಆ ಯಂತ್ರ ತಿಂಗಳಿಡೀ ಹೇಳುತ್ತಿತ್ತು. ಮೇ ತಿಂಗಳಲ್ಲಿ ನಿಮ್ಮ ಕಡೆಯವರು ಬಂದು, ಅರ್ಧ ಗಂಟೆಯಲ್ಲಿ “ಸೆನ್ಸಿಟಿವ್ ಜಾಸ್ತಿ ಇತ್ತು, ಸರಿ ಮಾಡಿದೀನಿ” ಎಂದು ಹೇಳಿ ಹೋದರು. ಆಮೇಲೆ ಅದು ಬೀಳಲಿಲ್ಲ. ನಾವೂ ಸರಿಹೋಯಿತೆಂದು ನಂಬಿದೆವು. ಈಗ ಆ ಎಲೆಕ್ಟ್ರಿಷಿಯನ್ನರು ‘ಟಿ’ ಎಂದು ಬರೆದಿರುವ ಪರೀಕ್ಷೆಯ ಗುಂಡಿಯನ್ನು ಒತ್ತಿದರು. ಆರ್‌ಸಿಸಿಬಿಯ ಹಿಡಿ ಟಪ್ಪೆಂದು ಬಿತ್ತು, ಆದರೆ ಅಡಿಗೆಮನೆಯ ಫ್ರಿಜ್ ಓಡುತ್ತಲೇ ಇತ್ತು, ಹಾಲಿನ ಫ್ಯಾನ್ ತಿರುಗುತ್ತಲೇ ಇತ್ತು. ಒಳಗೆ ನೋಡಿದರೆ ಎರಡೂ ಆರ್‌ಸಿಸಿಬಿಗಳನ್ನು ಬಿಟ್ಟು, ಮೇನ್ ಐಸೊಲೇಟರಿನಿಂದ (ಇಡೀ ಮನೆಯ ಮುಖ್ಯ ಸ್ವಿಚ್ಚಿನಿಂದ) ನೇರವಾಗಿ ಎಂಸಿಬಿಗಳಿಗೆ ವೈರ್ ಕೊಡಲಾಗಿತ್ತು. ಅವು ಮೊದಲಿನಂತೆ ಇದ್ದಿದ್ದರೆ ಯಜಮಾನರ ಕೈಗೆ ಶಾಕ್ ತಗಲಿದ ಕ್ಷಣದಲ್ಲೇ ಕರೆಂಟು ಕಡಿದುಹೋಗುವ ಸಾಧ್ಯತೆ ಇತ್ತು. ಕೇಳದೆ, ತಿಳಿಸದೆ ಒಂದು ಮನೆಯ ರಕ್ಷಣೆಯನ್ನು ಹೀಗೆ ತೆಗೆದುಹಾಕುವ ಅಧಿಕಾರವನ್ನು ನಿಮ್ಮ ಕೆಲಸಗಾರರಿಗೆ ಯಾರು ಕೊಟ್ಟರು ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ಉಳಿದ ಕೋಣೆಗಳ 22 ದೀಪಗಳ ಪೈಕಿ 9ರಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕಲಾಗಿದೆ. ನಮ್ಮ ಅತ್ತೆಯವರು ಮಳೆಗಾಲದುದ್ದಕ್ಕೂ ದೀಪ ಆರಿಸಿದ ಮೇಲೂ ಬಲ್ಬು ಮಿಣಿಮಿಣಿ ಎನ್ನುತ್ತದೆ, ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಬಲ್ಬು ಕಳಪೆ ಎಂಬ ನಿಮ್ಮ ಮಾತು ಕೇಳಿ ಮೂರು ಬಾರಿ ಬಲ್ಬು ಬದಲಿಸಿದೆವು. ಇಂಡಿಕೇಟರ್ ಇರುವ ಸ್ವಿಚ್ಚುಗಳಿಂದಲೂ ಹೀಗಾಗುವುದುಂಟು, ಆದರೆ ಆ ಕೋಣೆಯಲ್ಲಿ ಅಂಥ ಸ್ವಿಚ್ ಇಲ್ಲ. ಸ್ವಿಚ್ ನ್ಯೂಟ್ರಲಿನಲ್ಲಿದ್ದಾಗ ಫೇಸ್ ಬಲ್ಬಿನೊಳಗೆ ಸದಾ ಬಂದು ನಿಂತಿರುತ್ತದೆ, ಎಲ್‌ಇಡಿ ಮಿಣುಕಲು ಬೇಕಾದ ಚೂರು ಕರೆಂಟು ಗೋಡೆಯ ಮೂಲಕವೇ ಹರಿಯುತ್ತದೆ. ಆ ಒಂಬತ್ತು ಹೋಲ್ಡರುಗಳೂ ಹಗಲು ರಾತ್ರಿ ಜೀವಂತವಾಗಿವೆ. ಬೋರ್ಡು ಬಿಚ್ಚಿದಾಗ ಕೆಂಪು ವೈರ್ ಮುಗಿದ ಕಡೆ ಕಪ್ಪನ್ನೇ ಫೇಸಿಗೆ ಬಳಸಿರುವುದು ಕಂಡಿತು; ಮುಂದೆ ರಿಪೇರಿಗೆ ಬರುವವರು ಬಣ್ಣ ನಂಬಿ ಕೈ ಹಾಕಿದರೆ ಗತಿಯೇನು? ಎರಡು ಕೋಣೆಗಳಲ್ಲಿ ಕೊಟೇಷನ್ನಿನಲ್ಲಿದ್ದ 1.5 ಚದರ ಮಿ.ಮೀ. ತಾಮ್ರದ ವೈರಿನ ಬದಲು 1 ಚದರ ಮಿ.ಮೀ.ನದು ಇದೆ, ಲೋಹದ ಸ್ವಿಚ್ ಪೆಟ್ಟಿಗೆಗಳಿಗೆ ಅರ್ತಿಂಗಿನ ಹಸಿರು ವೈರ್ ಮುಟ್ಟಿಸಿಯೇ ಇಲ್ಲ.

ನ್ಯೂಟ್ರಲಿನಲ್ಲಿ ಒಂಟಿ ಸ್ವಿಚ್ ಹಾಕಕೂಡದು, ಹಾಕುವುದಾದರೆ ಫೇಸನ್ನೂ ಜೊತೆಗೇ ಕಡಿಯುವ ಜೋಡಿ ಸ್ವಿಚ್ಚೇ ಆಗಿರಬೇಕು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 2023ರಲ್ಲಿ ಅದನ್ನು ಹೊಸದಾಗಿ ಹೊರಡಿಸಲಾಗಿದೆ. ಹೀಗಿರುವಾಗ ನಮ್ಮ ಮನೆಗೆ ಬಂದ ಹುಡುಗರಲ್ಲಿ ಯಾರಿಗೂ ವೈರ್‌ಮನ್ ಪರ್ಮಿಟ್ ಇರಲಿಲ್ಲವೆಂದು ಅವರೇ ಹೇಳಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಿನಲ್ಲಿ ಗೋಡೆ ಕೊರೆದು ದುಡಿದ ಮಕ್ಕಳು ಅವರು, ಕಲಿಸಿದ್ದರೆ ಕಲಿಯುತ್ತಿದ್ದರು. ಕಲಿಸದೆ, ಮೇಲ್ವಿಚಾರಕರೊಬ್ಬರನ್ನೂ ಕಳುಹಿಸದೆ, ಕೊನೆಗೆ ಪರೀಕ್ಷೆಯನ್ನೂ ಮಾಡದೆ ಬಿಲ್ ಕೊಟ್ಟದ್ದು ನಿಮ್ಮ ಸಂಸ್ಥೆ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಪರವಾನಗಿ ಇರುವ ಮೇಲ್ವಿಚಾರಕರ ಎದುರಿನಲ್ಲಿ ಮೆಟ್ಟಿಲ ದೀಪದ ವೈರಿಂಗನ್ನು ಒಂದೇ ಎಂಸಿಬಿಯಿಂದ, ಸರಿಯಾದ ಟು-ವೇ ಕ್ರಮದಲ್ಲಿ ಹೊಸದಾಗಿ ಎಳೆದುಕೊಡಬೇಕು. ಒಂಬತ್ತು ದೀಪಗಳ ಸ್ವಿಚ್ಚುಗಳನ್ನು ಫೇಸಿಗೆ ಬದಲಾಯಿಸಿ, ತೆಳು ವೈರ್ ತೆಗೆದು, ಪೆಟ್ಟಿಗೆಗಳಿಗೆ ಅರ್ತಿಂಗ್ ಕೊಡಬೇಕು. ಎರಡೂ ಆರ್‌ಸಿಸಿಬಿಗಳನ್ನು ಮೊದಲಿನಂತೆ ಜೋಡಿಸಿ ನನ್ನೆದುರಿಗೆ ಗುಂಡಿ ಒತ್ತಿ ತೋರಿಸಬೇಕು. ಮೆಗ್ಗರ್ ಪರೀಕ್ಷೆಯ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಪರೀಕ್ಷೆಯ) ವರದಿ ಮತ್ತು ಯಾವ ಎಂಸಿಬಿಯಿಂದ ಯಾವ ಬೋರ್ಡಿಗೆ ವೈರ್ ಹೋಗಿದೆ ಎಂಬ ನಕ್ಷೆಯನ್ನು ಸಹಿಯೊಂದಿಗೆ ಕೊಡಬೇಕು. ಗೋಡೆ ಒಡೆಯಬೇಕಾದಲ್ಲಿ ಗಾರೆ ಹಾಗೂ ಬಣ್ಣದ ಖರ್ಚು, ಯಜಮಾನರ ಚಿಕಿತ್ಸೆಯ ಖರ್ಚು, ತಪಾಸಣೆಗೆ ನಾವು ಕೊಟ್ಟ ಹಣ, ಇವು ನಿಮ್ಮವು. ಇದಾಗದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ಸೇವಾ ನ್ಯೂನತೆಗಾಗಿ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹೂಡುತ್ತೇನೆ. ವಿದ್ಯುತ್ ಪರಿವೀಕ್ಷಣಾಲಯಕ್ಕೂ ಪ್ರತಿ ಕಳುಹಿಸುತ್ತೇನೆ.

ನಿಮ್ಮ ಹುಡುಗರು ಇದೇ ಬೇಸಿಗೆಯಲ್ಲಿ ಬೇರೆ ಮನೆಗಳ ಮೆಟ್ಟಿಲ ದೀಪಗಳನ್ನೂ ಹೀಗೆಯೇ ಕಟ್ಟಿದ್ದರೆ ಅವುಗಳ ಪಟ್ಟಿ ತೆಗೆದು ಆ ಮನೆಯವರನ್ನು ಇಂದೇ ಎಚ್ಚರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅವರಿಗೆ ಇದು ಗೊತ್ತಿರುವುದಿಲ್ಲ.

ಭಾನುವಾರ ಹಾಗೂ ಇತರ ದಿನಗಳಲ್ಲಿ ಸಂಜೆ 5ರ ನಂತರ ನಾನು ಮನೆಯಲ್ಲಿರುತ್ತೇನೆ. ಮೆಟ್ಟಿಲ ದೀಪದ ಎರಡೂ ವೈರುಗಳನ್ನು ಎಲೆಕ್ಟ್ರಿಷಿಯನ್ನರು ಬಿಚ್ಚಿ ಟೇಪ್ ಸುತ್ತಿಟ್ಟಿದ್ದಾರೆ. ಅತ್ತೆಯವರು ಸದ್ಯ ಟಾರ್ಚ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ. ಬರುವ ಹಿಂದಿನ ದಿನ ಫೋನ್ ಮಾಡಿ.

ಇಂತಿ ನಿಮ್ಮ ಗ್ರಾಹಕಿ,
ಕುವೆಂಪುನಗರ, ಮೈಸೂರು

ಲಗತ್ತು: ಬಿಲ್ಲಿನ ಪ್ರತಿ, ಬಿಚ್ಚಿದ ಬೋರ್ಡು ಮತ್ತು ಡಿಬಿಯ ಚಿತ್ರಗಳು, ಚಿಕಿತ್ಸೆಯ ರಸೀದಿಗಳು.