ಬಿಸಿಲಿನ ದಾಖಲೆ ಅಚ್ಚಿಗೆ ಹೋಗುವ ಮುನ್ನ

ಚಿ. ಈರಣ್ಣನಿಗೆ ಬಾಗಲಕೋಟೆಯಿಂದ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ವಿಜಯಪುರದಲ್ಲಿ ಜಿಲ್ಲಾ ಪುಟದ ಕೆಲಸ ನಿನಗೆ ಒಪ್ಪಿಸಿದ್ದಾರೆಂದು ನಿಮ್ಮವ್ವ ಹೇಳಿದಳು. ಬಹಳ ಸಂತೋಷ ಆಯಿತು. ಯುಗಾದಿ ಮುಗಿಯಿತು, ಇನ್ನು ರೋಹಿಣಿ ಮಳೆ ಬೀಳುವ ತನಕ ‘ಸಾರ್ವಕಾಲಿಕ ದಾಖಲೆ’, ‘ಇತಿಹಾಸದಲ್ಲೇ ಅತ್ಯಧಿಕ ಬಿಸಿಲು’ ಎಂಬ ಸುದ್ದಿ ದಿನಕ್ಕೊಂದು ನಿನ್ನ ಕೈಗೆ ಬರುತ್ತದೆ. ಅದನ್ನು ಬಂದ ಹಾಗೇ ಅಚ್ಚಿಗೆ ಕಳಿಸಬೇಡ ತಮ್ಮಾ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಯ ವೇಳೆಯೇ ಬದಲಾಗುವ ಜಿಲ್ಲೆಗಳು ನಮ್ಮವು. ಪತ್ರಿಕೆ ಬರೆದ ಡಿಗ್ರಿಯನ್ನು ನಂಬಿ ಇಲ್ಲಿ ಮಂದಿ ಹೊಲಕ್ಕೆ ಹೋಗುವ ಹೊತ್ತು ನಿರ್ಧರಿಸುತ್ತಾರೆ.

ಮೊದಲು 2024ರ ಮೇ 29ರ ದಿಲ್ಲಿ ಸುದ್ದಿ ನೆನಪಿಸಿಕೊ. ಮುಂಗೇಶಪುರ ಎಂಬಲ್ಲಿಯ ಸ್ವಯಂಚಾಲಿತ ಹವಾಮಾನ ಕೇಂದ್ರ 52.9 ಡಿಗ್ರಿ ತೋರಿಸಿತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51.0 ಡಿಗ್ರಿ ದೇಶದ ದಾಖಲೆಯಾಗಿತ್ತು. ಅದು ಮುರಿಯಿತೆಂದು ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ದಿನ ದಿಲ್ಲಿಯ ಉಳಿದ ಕೇಂದ್ರಗಳಲ್ಲಿ ಗರಿಷ್ಠ ತಾಪಮಾನ 45.2ರಿಂದ 49.1ರ ನಡುವೆ ಇತ್ತು. ಹವಾಮಾನ ಇಲಾಖೆ ತಂಡ ಕಳಿಸಿ, ಪ್ರಮಾಣಿತ ಉಪಕರಣವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಅಲ್ಲಿಯ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ಕೆಲವೇ ದಿನಗಳಲ್ಲಿ ಹೇಳಿತು. ಮರುದಿನ ನಾಗಪುರದ ಒಂದು ಸ್ವಯಂಚಾಲಿತ ಕೇಂದ್ರ 56 ಡಿಗ್ರಿ ತೋರಿಸಿದ್ದೂ ಉಪಕರಣದ ದೋಷವೇ. ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ದಿಲ್ಲಿಯ ಮುಖ್ಯ ಕೇಂದ್ರವಾದ ಸಫ್ದರ್‌ಜಂಗ್‌ನಲ್ಲಿ ಆ ದಿನ 46.8 ಡಿಗ್ರಿ ಇತ್ತು. 79 ವರ್ಷಗಳಲ್ಲೇ ಅತಿ ಹೆಚ್ಚು. ಸರಿಯಾಗಿ ಅಳೆದ, ನಿಜವಾಗಿಯೂ ಭಯ ಹುಟ್ಟಿಸುವ ಆ ಅಂಕಿ ಒಂದು ಕೆಟ್ಟ ಸೆನ್ಸರ್‌ನ ಗದ್ದಲದಲ್ಲಿ ಮುಚ್ಚಿಹೋಯಿತು.

ಹವಾಮಾನದವರು ತಾಪಮಾನ ಎಂದರೆ ನೆರಳಿನಲ್ಲಿರುವ ಗಾಳಿಯ ತಾಪಮಾನ. ಬಿಳಿ ಬಣ್ಣದ, ನಾಲ್ಕೂ ಕಡೆ ಓರೆ ಪಟ್ಟಿಗಳಿರುವ, ಎರಡು ಪದರ ಚಾವಣಿಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರದಲ್ಲಿ ಥರ್ಮಾಮೀಟರ್ ಇರಬೇಕು. ಇದಕ್ಕೆ ಸ್ಟೀವನ್ಸನ್ ಪೆಟ್ಟಿಗೆ ಎನ್ನುತ್ತಾರೆ. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಕೆಳಗೆ ಸಹಜ ನೆಲ ಇರಬೇಕು. ಫರಸಿ, ಡಾಂಬರು, ತಗಡಿನ ಚಾವಣಿ ಹತ್ತಿರ ಇರಬಾರದು. ಬಿಸಿಲು ಒಳಗೆ ಬೀಳದಿರಲೆಂದು ಪೆಟ್ಟಿಗೆಯ ಬಾಗಿಲು ಉತ್ತರಕ್ಕೆ ಇರುತ್ತದೆ. ಆದರೆ ನಮ್ಮ ಕಡೆ ಮೇ ಮೊದಲ ವಾರ ಕಳೆದ ಮೇಲೆ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅಂಥ ದಿನಗಳಲ್ಲಿ ಬಾಗಿಲು ತೆರೆದಿಟ್ಟುಕೊಂಡು ನಿಧಾನಕ್ಕೆ ಅಂಕಿ ಓದಿದರೆ ಬಿಸಿಲೇ ಒಳಗೆ ಬರುತ್ತದೆ.

ಹೀಗಿರುವಾಗ ಬಸ್ ನಿಲ್ದಾಣದ ಫಲಕ 47 ಡಿಗ್ರಿ ತೋರಿಸಿತು, ಕಾರಿನೊಳಗಿನ ಪರದೆ 49 ಎಂದಿತು ಎಂದು ಯಾರಾದರೂ ಫೋಟೋ ಕಳಿಸಿದರೆ ಅದು ಬಿಸಿಲಿಗೆ ಕಾಯ್ದ ತಗಡಿನ ಅಂಕಿ. ಮೊಬೈಲಿನ ಆ್ಯಪ್ ತೋರಿಸುವುದು ಬಹುಮಟ್ಟಿಗೆ ಕಂಪ್ಯೂಟರ್ ಮಾದರಿಯ ಲೆಕ್ಕ. ನಿನ್ನ ಊರಿನಲ್ಲಿ ಯಾವ ಉಪಕರಣವೂ ಅದನ್ನು ಅಳೆದಿರಬೇಕೆಂದಿಲ್ಲ. ಅದರಲ್ಲೇ ‘ಅನುಭವಕ್ಕೆ ಬರುವ ತಾಪ’ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು ತಾಪಮಾನಕ್ಕೆ ತೇವಾಂಶವನ್ನು ಸೇರಿಸಿ ತೆಗೆದ ಲೆಕ್ಕ, ದಾಖಲೆಗೆ ಸಲ್ಲದು. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಉಪಗ್ರಹದ ಚಿತ್ರದಲ್ಲಿ. 2022ರ ಏಪ್ರಿಲ್ ಕೊನೆಯಲ್ಲಿ ಯುರೋಪಿನ ಉಪಗ್ರಹವೊಂದರ ಚಿತ್ರದಲ್ಲಿ ವಾಯವ್ಯ ಭಾರತದ ಕೆಲವು ಕಡೆ 60 ಡಿಗ್ರಿ ದಾಟಿತ್ತು. ಅದು ನೆಲದ ಮೇಲ್ಮೈ ತಾಪಮಾನ. ಬೆಳೆ ಕೊಯ್ದ ಬರಿ ಎರಿ ಹೊಲದ ಮೇಲ್ಮೈ ಮೇ ತಿಂಗಳ ಮಧ್ಯಾಹ್ನ ಗಾಳಿಗಿಂತ 15-20 ಡಿಗ್ರಿ ಹೆಚ್ಚು ಕಾಯುವುದು ಆಶ್ಚರ್ಯವಲ್ಲ. ಬರಿಗಾಲಲ್ಲಿ ನಡೆಯುವವರಿಗೆ, ಮೊಳಕೆಗೆ ಅದೂ ಮಹತ್ವದ ಸುದ್ದಿ. ಆದರೆ ‘ನೆಲದ ತಾಪ’ ಎಂದೇ ಬರೆ. ಫಲೋದಿಯ 51ರ ಪಕ್ಕಕ್ಕಿಟ್ಟು ಹೋಲಿಸಬೇಡ.

ಇನ್ನು ಉಪಕರಣದ ದೋಷಗಳು. ಹಳೆಯ ಪಾದರಸದ ಗರಿಷ್ಠ ಥರ್ಮಾಮೀಟರಿನ ಕೊಳವೆಯಲ್ಲಿ ಬುರುಡೆಯ ಹತ್ತಿರ ಒಂದು ಇರುಕು ಇರುತ್ತದೆ. ಏರಿದ ಪಾದರಸ ತಾನಾಗಿ ಇಳಿಯದು; ಓದಿದ ಮೇಲೆ ಕೊಡವಿ ಇಳಿಸಬೇಕು. ಕೊಡವಲು ಮರೆತರೆ, ಇಂದು ನಿನ್ನೆಗಿಂತ ತಂಪಾಗಿದ್ದರೂ ನಿನ್ನೆಯ ಅಂಕಿಯೇ ಉಳಿಯುತ್ತದೆ. ಎರಡು ದಿನ ಗರಿಷ್ಠ ತಾಪಮಾನ ದಶಾಂಶದ ತನಕ ಒಂದೇ ಇದ್ದರೆ ಕೇಂದ್ರದವರಿಗೆ ಒಂದು ಫೋನ್ ಮಾಡು. ಕಣ್ಣು ಪಾದರಸದ ಮಟ್ಟಕ್ಕೆ ಸರಿಯಾಗಿ ಇರದೆ ಓದಿದರೂ ಕೆಲವು ದಶಾಂಶ ತಪ್ಪುತ್ತದೆ. ದಾಖಲೆಗಳು ಮುರಿಯುವುದು ಅಂಥ ದಶಾಂಶಗಳಲ್ಲೇ.

ಸ್ವಯಂಚಾಲಿತ ಕೇಂದ್ರಗಳಲ್ಲಿ ಹೆಚ್ಚಾಗಿ ಪ್ಲಾಟಿನಂ ಸೆನ್ಸರ್ ಬಳಸುತ್ತಾರೆ. ಅದು ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು, ಅಳೆದು ತಾಪ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಬಳಸುವ ಸೆನ್ಸರ್‌ನ ರೋಧ 0 ಡಿಗ್ರಿಯಲ್ಲಿ 100 ಓಮ್. ಒಂದೊಂದು ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ಎರಡೇ ತಂತಿಯಲ್ಲಿ ಜೋಡಿಸಿದ್ದರೆ, ಕಿಲುಬು ಹಿಡಿದ ಜೋಡಣೆಯಿಂದ 0.8 ಓಮ್ ಸೇರಿದರೂ ಅಂಕಿ 2 ಡಿಗ್ರಿ ಮೇಲೇರುತ್ತದೆ. ನಾಲ್ಕು ತಂತಿಯ ಜೋಡಣೆಯಲ್ಲಿ ಈ ತೊಂದರೆ ಇಲ್ಲ. ಸೆನ್ಸರ್ ಮೇಲೆ ಒಂದರ ಮೇಲೊಂದು ಜೋಡಿಸಿದ ಬಿಳಿ ತಟ್ಟೆಗಳ ಹೊದಿಕೆ ಇರುತ್ತದೆ. ಅದರ ಮೇಲೆ ಧೂಳು ಕೂತು ಮಬ್ಬಾದರೆ ಬಿಸಿಲನ್ನು ಹೀರುತ್ತದೆ. ಗಾಳಿ ಸತ್ತ ಮಧ್ಯಾಹ್ನ ಒಳಗಿನ ಗಾಳಿ ಹೊರಗಿನದಕ್ಕಿಂತ ಹೆಚ್ಚು ಕಾಯುತ್ತದೆ.

ಕಚೇರಿಯಲ್ಲಿ ಕೂತೇ ಇದನ್ನು ಒಂದಿಷ್ಟು ಪತ್ತೆ ಹಚ್ಚಬಹುದು. ಆ ಕೇಂದ್ರದ ರಾತ್ರಿಯ ಕನಿಷ್ಠ ತಾಪಮಾನ ಕೇಳು. ಅಕ್ಕಪಕ್ಕದ ಕೇಂದ್ರಗಳಿಗಿಂತ ರಾತ್ರಿಯೂ ಅಷ್ಟೇ ಡಿಗ್ರಿ ಹೆಚ್ಚಿದ್ದರೆ ಸೆನ್ಸರ್ ಅಥವಾ ಜೋಡಣೆಯ ಮೇಲೆ ಅನುಮಾನ. ರಾತ್ರಿ ಸರಿ ಇದ್ದು ಗಾಳಿಯಿಲ್ಲದ ಮಧ್ಯಾಹ್ನ ಮಾತ್ರ ಹೆಚ್ಚಿದ್ದರೆ ಹೊದಿಕೆಯ ಮೇಲೆ, ಇಲ್ಲವೇ ಜಾಗದ ಮೇಲೆ ಅನುಮಾನ. ಗಂಟೆಗಂಟೆಯ ಅಂಕಿಗಳನ್ನೂ ಕೇಳು: ನಿಚ್ಚಳ ದಿನದಲ್ಲಿ ತಾಪ ಮೆಲ್ಲಗೆ ಏರಿ ಮಧ್ಯಾಹ್ನ 2ರಿಂದ 4ರ ನಡುವೆ ತುದಿ ಮುಟ್ಟಿ ಮೆಲ್ಲಗೆ ಇಳಿಯುತ್ತದೆ. ಒಮ್ಮೆಗೇ 4 ಡಿಗ್ರಿ ಜಿಗಿದು ಮತ್ತೆ ಬಿದ್ದಿದ್ದರೆ ಅದು ಗಾಳಿಯ ಕೆಲಸವಾಗಿರುವುದು ಅಪರೂಪ. ಹೋಲಿಸುವಾಗ ಸರಿಯಾದ ನೆರೆಯನ್ನು ಆರಿಸಿಕೊ. ಸಹ್ಯಾದ್ರಿಗೆ ಹತ್ತಿರ, ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯನ್ನು ವಿಜಯಪುರದ ಜೊತೆ ಹೋಲಿಸಿ ‘ಅಲ್ಲಿ ಇಷ್ಟಿಲ್ಲ’ ಎನ್ನುವುದು ತಪ್ಪು. ವಿಜಯಪುರಕ್ಕೆ ಬಾಗಲಕೋಟೆ, ಸೋಲಾಪುರ, ಕಲಬುರಗಿ ನೋಡು.

ಅಂಕಿ ಯಾರದು ಎಂಬುದನ್ನೂ ಕೇಳಬೇಕು. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯ ಒಂದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಜಾಲ ಇನ್ನೊಂದು. ಎರಡೂ ಬೇಕಾದವೇ. ಆದರೆ ಜಿಲ್ಲೆಯಲ್ಲಿ ಒಂದೇ ಕೇಂದ್ರ ಇದ್ದ ಕಾಲದ ಗರಿಷ್ಠವನ್ನು, ಇಂದು ಹತ್ತಾರು ಹೋಬಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಅಂಕಿಯ ಜೊತೆ ಹೋಲಿಸಿದರೆ ಹೊಸದೇ ಗೆಲ್ಲುತ್ತದೆ. ಹೆಚ್ಚು ಕಡೆ ಅಳೆದಷ್ಟೂ ಹೆಚ್ಚಿನ ಅಂಕಿ ಸಿಗುವುದು ಸಹಜ. ಅದೇ ಕೇಂದ್ರದ ಹಳೆಯ ಅಂಕಿಯ ಜೊತೆಗೇ ಹೋಲಿಸು. ಆ ಕೇಂದ್ರ ಯಾವ ವರ್ಷ ಶುರುವಾಯಿತು, ದಾಖಲೆ ಏಪ್ರಿಲ್ ತಿಂಗಳಿನದೋ, ಹತ್ತು ವರ್ಷದ್ದೋ, ಸಾರ್ವಕಾಲಿಕವೋ ಎಂಬುದು ಸುದ್ದಿಯಲ್ಲಿ ಇರಲೇಬೇಕು. ಎಂಟು ವರ್ಷದ ಹಿಂದೆ ನೆಟ್ಟ ಕಂಬಕ್ಕೆ ‘ಇತಿಹಾಸ’ ಎಂಬ ಮಾತು ಹಚ್ಚಬೇಡ. ಬೆಳಗಿನ 8.30ರ ವರದಿಯಲ್ಲಿ ಬರುವ ಗರಿಷ್ಠ ಹಿಂದಿನ ದಿನದ್ದೆಂಬುದೂ ನೆನಪಿರಲಿ.

‘ಬಿಸಿಗಾಳಿ’ ಎಂಬ ಮಾತಿಗೂ ಅಳತೆ ಇದೆ. ಬಯಲು ಸೀಮೆಯಲ್ಲಿ ಗರಿಷ್ಠ ತಾಪ ಕನಿಷ್ಠಪಕ್ಷ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಿರಬೇಕು. 6.4 ಮೀರಿದರೆ ಅಥವಾ 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ (ಇಲಾಖೆ ದೇಶವನ್ನು ಹಂಚಿಕೊಂಡಿರುವ ಭಾಗಗಳಲ್ಲೊಂದರ) ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೆಯ ದಿನ ಘೋಷಿಸುತ್ತಾರೆ. ವಾಡಿಕೆ 39.5 ಇರುವ ಕಡೆ 42 ಆದರೆ ಮೈ ಸುಡುತ್ತದೆ ನಿಜ, ಆದರೆ ಆ ಅಳತೆಯಲ್ಲಿ ಬಿಸಿಗಾಳಿ ಅಲ್ಲ. 39.6 ಅನ್ನು 40 ಮಾಡುವ ಚಾಳಿಯೂ ಬೇಡ. ವಿದೇಶಿ ಸುದ್ದಿಯ ಫ್ಯಾರನ್‌ಹೀಟ್ ಬದಲಿಸುವಾಗ ವ್ಯತ್ಯಾಸಕ್ಕೆ 32 ಕಳೆಯಬೇಡ: ‘3.6 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ’ ಎಂದರೆ 2 ಡಿಗ್ರಿ ಸೆಲ್ಸಿಯಸ್ ಏರಿಕೆ.

ಹಳೆಯ ದಾಖಲೆ ಎಂದ ಮಾತ್ರಕ್ಕೆ ಗಟ್ಟಿ ಎಂದೂ ಅಲ್ಲ. ಲಿಬಿಯಾದ ಎಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು ಬರೆದಿಟ್ಟ 58.0 ಡಿಗ್ರಿ 90 ವರ್ಷ ಜಗತ್ತಿನ ದಾಖಲೆಯಾಗಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ರದ್ದು ಮಾಡಿತು: ಅನುಭವವಿಲ್ಲದ ವೀಕ್ಷಕ ಥರ್ಮಾಮೀಟರಿನ ಸೂಚಕದ ತಪ್ಪು ತುದಿಯನ್ನು ಓದಿ ಸುಮಾರು 7 ಡಿಗ್ರಿ ಹೆಚ್ಚು ಬರೆದಿರಬೇಕು ಎಂಬುದು ತಜ್ಞರ ತೀರ್ಮಾನ. ಈಗಿನ ಅಧಿಕೃತ ದಾಖಲೆ ಅಮೆರಿಕದ ಡೆತ್ ವ್ಯಾಲಿಯ 56.7, ಅದು 1913ರದು, ಅದನ್ನೂ ಕೆಲವು ಸಂಶೋಧಕರು ಒಪ್ಪುವುದಿಲ್ಲ.

ಇಷ್ಟನ್ನೆಲ್ಲ ಓದಿ ‘ಬಿಸಿಲು ಏರುತ್ತಿರುವುದೇ ಸುಳ್ಳು’ ಎನ್ನುವವರ ಜೊತೆ ನೀನು ಸೇರಬಾರದು. ಆ ಮಾತು ನಿನ್ನ ಪುಟದಲ್ಲಿ ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಏರಿಕೆಯ ಲೆಕ್ಕ ಒಂದು ಸೆನ್ಸರ್ ಮೇಲೆ ನಿಂತಿಲ್ಲ. ಅದು ನೂರಾರು ಕೇಂದ್ರಗಳ, ವರ್ಷವಿಡೀ ತೆಗೆದ ಸರಾಸರಿ. 2024ರಲ್ಲಿ ದೇಶದ ವಾರ್ಷಿಕ ಸರಾಸರಿ ತಾಪಮಾನ 1991-2020ರ ವಾಡಿಕೆಗಿಂತ 0.65 ಡಿಗ್ರಿ ಹೆಚ್ಚಿತ್ತು. 1901ರಿಂದ ಲೆಕ್ಕ ಇಟ್ಟ ವರ್ಷಗಳಲ್ಲೇ ಅತಿ ಹೆಚ್ಚು. ಮುಂಗೇಶಪುರದಂಥ ಒಂದು ತಪ್ಪು ಅಂಕಿ ಸಿಕ್ಕರೆ ಸಾಕು, ಈ ಲೆಕ್ಕವನ್ನೂ ನಂಬಬೇಡಿ ಎನ್ನುವವರಿಗೆ ನಾವೇ ನೆಪ ಕೊಟ್ಟಂತೆ. ಸೆನ್ಸರ್ ಕೆಟ್ಟರೆ ಕಡಿಮೆಯನ್ನೂ ತೋರಿಸಬಹುದು. ಸುತ್ತಲೆಲ್ಲ 43 ಇದ್ದು ಒಂದು ಹೋಬಳಿಯಲ್ಲಿ 37 ಬಂದರೆ ಅದನ್ನೂ ಇಷ್ಟೇ ಕಟ್ಟುನಿಟ್ಟಾಗಿ ಕೇಳು.

ರಾತ್ರಿ ಪುಟ ಮುಗಿಸುವ ಹೊತ್ತಿಗೆ ಖಾತ್ರಿ ಆಗದಿದ್ದರೆ ಏನು ಮಾಡಬೇಕು ಎಂದು ಕೇಳುತ್ತೀ. ಎಚ್ಚರಿಕೆಯನ್ನು ತಡೆಯಬೇಡ: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ನೀರು, ಮಜ್ಜಿಗೆ ಕುಡಿಯುತ್ತಿರಿ ಎಂಬುದು 44 ಆದರೂ 46 ಆದರೂ ಅಷ್ಟೇ ಅಗತ್ಯ. ‘ದಾಖಲೆ’ ಎಂಬ ಮಾತನ್ನು ಮಾತ್ರ ಮರುದಿನಕ್ಕೆ ಇಟ್ಟುಕೊ. ‘ಇಂಥ ಕೇಂದ್ರದಲ್ಲಿ ಇಷ್ಟು ತೋರಿಸಿದೆ, ಪಕ್ಕದ ಕೇಂದ್ರಗಳಲ್ಲಿ ಇಷ್ಟು, ಇಲಾಖೆ ಇನ್ನೂ ಖಚಿತಪಡಿಸಿಲ್ಲ’ ಎಂದು ಬರೆ. ಅಂಕಿ ತಪ್ಪೆಂದು ಆಮೇಲೆ ಗೊತ್ತಾದರೆ, ಸುದ್ದಿ ಬಂದ ಪುಟದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಲು ಸಂಪಾದಕರನ್ನು ಒಪ್ಪಿಸು. ಒಪ್ಪದಿದ್ದರೆ ಮತ್ತೊಮ್ಮೆ ಕೇಳು.

ಇತಿ,
ನಿನ್ನ ದೊಡ್ಡವ್ವ