ಕೇಳಿದವರ ಮಾತು ಬರೆಯುವಾಗ: ಯುವ ಬರಹಗಾರನಿಗೆ ಒಂದು ಪತ್ರ

ಪ್ರೀತಿಯ ತಮ್ಮ,

ನಿನ್ನ ಲೇಖನ ತಲುಪಿತು. ಕೆ.ಜಿ.ಎಫ್.ನ ಹಿರಿಯರು ತಮ್ಮ ಕಾಲದ ಜಾಝ್ ಸಂಗೀತದ ದಿಗ್ಗಜರನ್ನು ಎದುರಿಗೆ ಕೂತು ಕೇಳಿದ ನೆನಪುಗಳು. ಒಳ್ಳೇ ವಿಷಯ ಹಿಡಿದಿದ್ದೀಯ. ಇಷ್ಟು ವರ್ಷ ಕೋಲಾರದಲ್ಲೇ ಇದ್ದೂ ನನಗೆ ಇದು ಹೊಳೆದಿರಲಿಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಗಣಿ, ಚಿನ್ನ, ಸೈನೈಡ್ ದಿಬ್ಬ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲಂತೂ ಎಲ್ಲರೂ ಅದನ್ನೇ ಬರೆದರು. ಗಣಿ ಕೆಲಸಗಾರರ ಆ ಲೈನ್ ಮನೆಗಳಲ್ಲಿ ರಾತ್ರಿ ಹೊತ್ತು ಯಾವ ರೆಕಾರ್ಡ್ ತಿರುಗುತ್ತಿತ್ತು ಅಂತ ಕೇಳಿದವರು ಕಡಿಮೆ.

ಹೊಗಳಿಕೆ ಅಲ್ಲಿಗೆ ಸಾಕು. ಮೊದಲ ಎರಡು ಪುಟ ತೆಗೆದುಹಾಕು. "ಸಭಾಂಗಣವೇ ಮಂತ್ರಮುಗ್ಧವಾಯಿತು", "ಸಂಗೀತದ ರಸದೌತಣ", "ಕಿವಿಗೆ ಹಬ್ಬ". ಈ ಮಾತುಗಳನ್ನು ನಾಳೆ ಯಾವ ಊರಿನ ಯಾವ ಕಾರ್ಯಕ್ರಮದ ವರದಿಗೆ ಅಂಟಿಸಿದರೂ ಕೂರುತ್ತವೆ. ನೀನು ಎಷ್ಟೇ ಬಣ್ಣದ ಮಾತು ಸುರಿದರೂ ಓದುವವನಿಗೆ ಸ್ಯಾಕ್ಸೋಫೋನ್ ಕೇಳಿಸುವುದಿಲ್ಲ. ಅವನಿಗೆ ತೋರಿಸಬಹುದಾದದ್ದು ಕೇಳಿದ ಮನುಷ್ಯನನ್ನು. ಆ ರಾತ್ರಿ ಅವನು ಎಲ್ಲಿ ಕೂತಿದ್ದ, ಯಾರ ಜೊತೆ ಹೋಗಿದ್ದ, ದುಡ್ಡು ಎಲ್ಲಿಂದ ಹೊಂದಿಸಿದ, ಹೇಗೆ ಮನೆ ಸೇರಿದ. ಅದು ಸಿಕ್ಕಿದರೆ ಸಂಗೀತ ಅದರ ಹಿಂದೆಯೇ ಬರುತ್ತದೆ.

ನಿನ್ನ ಮೂರನೇ ಪುಟದ ಹಿರಿಯರನ್ನೇ ತಗೋ. ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. 1978ರಲ್ಲಿ ತಮ್ಮನ ಮದುವೆಗೆ ಅಂತ ಬಾಂಬೆಗೆ ಹೋದವರು, ಅಲ್ಲಿ ಮೊದಲ ಜಾಝ್ ಯಾತ್ರಾ ಸಂಗೀತೋತ್ಸವ ನಡೆಯುತ್ತಿದೆ ಅಂತ ಗೊತ್ತಾಗಿ, ಮದುವೆಗೆ ತಂದಿದ್ದ ಕೋಟನ್ನೇ ಹಾಕಿಕೊಂಡು ರಂಗಭವನಕ್ಕೆ ಹೋಗಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಸೋನಿ ರೋಲಿನ್ಸ್ ನುಡಿಸಿದ್ದನ್ನು ಕೇಳಿದರು. ಆ ಕೋಟು ಚಿಕ್ಕಪ್ಪನದು, ತೋಳು ಉದ್ದ, ಚಪ್ಪಾಳೆ ಹೊಡೆಯುವಾಗೆಲ್ಲ ಕೈ ಒಳಗೆ ಸೇರಿಕೊಳ್ಳುತ್ತಿತ್ತು. ಇಡೀ ಲೇಖನದಲ್ಲಿ ನಾನು ನಿಂತು ಎರಡು ಸಲ ಓದಿದ ಸಾಲು ಇದೊಂದೇ. ನೀನು ಅದನ್ನು ಆವರಣದ ಚಿಹ್ನೆಯೊಳಗೆ ತುರುಕಿದ್ದೀಯ! ಆವರಣದ ಹೊರಗೆ ಏನಿದೆ? ರೋಲಿನ್ಸ್ 1930ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು, ಯಾರ್‍ಯಾರ ಜೊತೆ ನುಡಿಸಿದ್ದು, ಯಾವ್ಯಾವ ಪ್ರಶಸ್ತಿ ಬಂದದ್ದು. ಅದು ಬೇಕಾದವರು ಫೋನ್ ತೆಗೆದು ನೋಡಿಕೊಳ್ಳುತ್ತಾರೆ. ಕೋಟನ್ನು ಹೊರಗೆ ತಾ, ಜೀವನಚರಿತ್ರೆಯನ್ನು ಕತ್ತರಿಸು.

ಆದರೆ ಪೂರ್ತಿ ಕತ್ತರಿಸಬೇಡ. ರೋಲಿನ್ಸ್ ಬಗ್ಗೆ ಒಂದು ಸಂಗತಿ ನಿನ್ನ ಲೇಖನಕ್ಕೆ ಬೇಕೇ ಬೇಕು, ಅದನ್ನೇ ಬಿಟ್ಟಿದ್ದೀಯ. ಆತ ಆಗಲೇ ದೊಡ್ಡ ಹೆಸರು ಮಾಡಿದ್ದರೂ 1959ರಲ್ಲಿ ವೇದಿಕೆ ಬಿಟ್ಟರು. ತನ್ನ ನುಡಿಸಾಣಿಕೆ ತನಗೇ ಸಾಲದು ಅನ್ನಿಸಿತ್ತು. ಮನೆಯಲ್ಲಿ ಅಭ್ಯಾಸ ಮಾಡೋಣ ಅಂದರೆ ಪಕ್ಕದ ಮನೆಯಲ್ಲಿ ಬಸುರಿ ಹೆಂಗಸು, ಅವರಿಗೆ ತೊಂದರೆ ಆಗಬಾರದು. ಅದಕ್ಕೆ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ, ರೈಲು, ಕಾರುಗಳ ಗದ್ದಲದ ನಡುವೆ ಗಂಟೆಗಟ್ಟಲೆ ಊದುತ್ತಿದ್ದರು. 1961ರ ಕೊನೆಗೆ ವಾಪಸ್ ಬಂದರು. ಈಗ ನಿನ್ನ ಫಿಟ್ಟರ್ ಹೇಳಿದ್ದನ್ನು ನೆನಪು ಮಾಡಿಕೋ. ಲೈನ್ ಮನೆಯಲ್ಲಿ ಗಿಟಾರ್ ಮುಟ್ಟೋಕೆ ಆಗುತ್ತಿರಲಿಲ್ಲ, ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿತ್ತು, ಹಗಲಲ್ಲೂ ಪಕ್ಕದ ಗೋಡೆಯ ಆಚೆ ಯಾರೋ ಒಬ್ಬರು ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಿದ್ದರು ಅಂದರಲ್ಲ? ಈ ಎರಡನ್ನೂ ಪಕ್ಕಪಕ್ಕ ಇಡು. "ಇದೂ ಅದೂ ಒಂದೇ" ಅಂತ ವಿವರಿಸೋಕೆ ಮಾತ್ರ ಹೋಗಬೇಡ. ಓದುವವರು ದಡ್ಡರಲ್ಲ.

ಇನ್ನು ಎರಡನೆಯವರ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಇವರು ಹುಡುಗರಾಗಿದ್ದಾಗ, 1958ರಲ್ಲಿ, ಸೋದರಮಾವನ ಜೊತೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋಗಿ ಅಮೆರಿಕದ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರನ್ನು ಕೇಳಿದರು ಅಂತ ಬರೆದಿದ್ದೀಯ. ಅದು ಸರಿ. ಅಮೆರಿಕ ಸರಕಾರ ಆ ವರ್ಷ ಬ್ರೂಬೆಕ್ ತಂಡವನ್ನು ಪೋಲೆಂಡ್, ಟರ್ಕಿಯಿಂದ ಹಿಡಿದು ನಮ್ಮ ದೇಶದವರೆಗೂ ಕಳಿಸಿತ್ತು. ಮದ್ರಾಸಿಗೂ ಬಂದಿದ್ದರು. ಅಲ್ಲಿ ಪಳನಿ ಸುಬ್ರಮಣಿಯ ಪಿಳ್ಳೆಯವರ ಮೃದಂಗ ಕೇಳಿ ಬ್ರೂಬೆಕ್ ಬೆರಗಾಗಿದ್ದರು. ಆದರೆ ನಿನ್ನ ಹಿರಿಯರು ಆ ರಾತ್ರಿ 'ಟೇಕ್ ಫೈವ್' ಕೇಳಿದೆ, ಐದರ ಎಣಿಕೆ ಹಿಡಿಯೋಕೆ ಆಗದೆ ಮಾವ ತೊಡೆ ಮೇಲೆ ತಾಳ ತಪ್ಪಿದರು ಅನ್ನುತ್ತಾರೆ. ಆ ರಚನೆಯನ್ನು ತಂಡದ ಪಾಲ್ ಡೆಸ್ಮಂಡ್ ಮಾಡಿದ್ದು, ಅದು ರೆಕಾರ್ಡ್ ಆಗಿದ್ದು ಎಲ್ಲಾ 1959ರಲ್ಲಿ. 58ರಲ್ಲಿ ಮದ್ರಾಸಿನಲ್ಲಿ ಅದನ್ನು ಕೇಳಿರಲು ಸಾಧ್ಯವೇ ಇಲ್ಲ.

ಈಗ ಏನು ಮಾಡ್ತೀಯ? ಮೂರು ದಾರಿ ಕಾಣುತ್ತೆ. ಸುಮ್ನೆ ಹಾಗೇ ಬಿಡೋದು. ಅವರ ಮಾತನ್ನು ಸದ್ದಿಲ್ಲದೆ ತಿದ್ದಿ "ಯಾವುದೋ ಕಷ್ಟದ ತಾಳದ ರಚನೆ" ಅನ್ನೋದು. ಇಲ್ಲಾ, ಆ ಇಡೀ ಭಾಗ ತೆಗೆಯೋದು. ಮೂರೂ ಬೇಡ. ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರಿ. ಮುಂದಿನ ಸಾಲಿನಲ್ಲಿ ರೆಕಾರ್ಡ್ ಆದ ವರ್ಷ ಬರಿ. ಆಮೇಲೆ ಅವರ ಮನೆಗೆ ಹೋಗಿ ಕೇಳು, ಆ ರೆಕಾರ್ಡ್ ನಿಮ್ಮ ಮನೆಗೆ ಯಾವಾಗ ಬಂತು, ಯಾರು ತಂದರು ಅಂತ. ಮಾವನೇ ತಂದಿರಬಹುದು. ಮಾವ ತಾಳ ತಪ್ಪಿದ್ದು ನಡುಮನೆಯಲ್ಲಿ, ಗ್ರಾಮಫೋನಿನ ಮುಂದೆ ಇರಬಹುದು. ಆಮೇಲೆ ಅರವತ್ತು ವರ್ಷದಲ್ಲಿ ಆ ನಡುಮನೆ ಹೋಗಿ ಮದ್ರಾಸಿನ ಸಭಾಂಗಣದೊಳಗೆ ಸೇರಿಕೊಂಡಿರಬಹುದು. ಹಾಗಿದ್ದರೆ ನಿನಗೆ ಒಂದು ಕಛೇರಿಯ ಕಥೆಯ ಜಾಗದಲ್ಲಿ ಮಾವ-ಅಳಿಯನ ಕಥೆ ಸಿಕ್ಕಿತು. ಮೊದಲನೆಯದಕ್ಕಿಂತ ಇದು ಚೆನ್ನಾಗಿಲ್ವಾ?

ಕೇಳುವಾಗ ಮಾತ್ರ ಹುಷಾರು. ಪೊಲೀಸ್ ಸ್ಟೇಷನ್ನಿನ ಧಾಟಿ ಬೇಡ. ವಯಸ್ಸಾದವರು ತಮ್ಮ ನೆನಪು ಸುಳ್ಳು ಅಂತ ಯಾರಾದರೂ ಅಂದರೆ ಮೊದಲು ಸಿಟ್ಟಾಗುತ್ತಾರೆ, ಆಮೇಲೆ ಮಾತೇ ನಿಲ್ಲಿಸುತ್ತಾರೆ.

ನೆನಪನ್ನು ನಂಬಬಾರದು ಅಂತ ನಾನು ಹೇಳುತ್ತಿಲ್ಲ. ಜಾಝ್ ಶುರುವಾಗುವುದೇ ಕೇಳಿದವರ ನೆನಪಿನಿಂದ. ನ್ಯೂ ಆರ್ಲಿಯನ್ಸಿನಲ್ಲಿ ಬಡ್ಡಿ ಬೋಲ್ಡನ್ ಅಂತ ಒಬ್ಬ ಕಾರ್ನೆಟ್ (ಕಹಳೆಯಂಥ ವಾದ್ಯ) ವಾದಕ ಇದ್ದ. 1907ರಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ, 1931ರಲ್ಲಿ ಅಲ್ಲೇ ತೀರಿಕೊಂಡ. ಅವನ ಒಂದೇ ಒಂದು ರೆಕಾರ್ಡಿಂಗ್ ಉಳಿದಿಲ್ಲ. ಅವನು ದೊಡ್ಡವನು ಅಂತ ನಮಗೆ ಗೊತ್ತಿರುವುದು ಕೇಳಿದವರು ಹೇಳಿದ್ದರಿಂದ. ಅವನು ಊದಿದರೆ ಮೈಲಿಗಟ್ಟಲೆ ದೂರ ಕೇಳುತ್ತಿತ್ತು ಅಂದರು. ಕ್ಷೌರದ ಅಂಗಡಿ ಇಟ್ಟಿದ್ದ, ಪತ್ರಿಕೆ ನಡೆಸುತ್ತಿದ್ದ ಅಂತಲೂ ಅಂದರು. ಡೊನಾಲ್ಡ್ ಮಾರ್ಕ್ವಿಸ್ ಅನ್ನುವವರು ಹಳೇ ದಾಖಲೆಗಳನ್ನೆಲ್ಲ ಜಾಲಾಡಿ 1978ರಲ್ಲಿ ಬರೆದರು, ಅಂಗಡಿಯೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ ಅಂತ. ಅಂಗಡಿ ಹೋಯಿತು, ಪತ್ರಿಕೆ ಹೋಯಿತು. ಆ ಸದ್ದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. ಹೆಸರು, ವರ್ಷ, ವೃತ್ತಿ ಇವುಗಳಲ್ಲಿ ಜನ ಎಡವುತ್ತಾರೆ. ಮೈಗೆ ಏನಾಯಿತು ಅನ್ನೋದರಲ್ಲಿ ಅಷ್ಟಾಗಿ ಎಡವುವುದಿಲ್ಲ.

ರೆಕಾರ್ಡ್ ಇದ್ದರೆ ಅದೇ ಸತ್ಯ ಅಂತಲೂ ತಿಳಿಯಬೇಡ. 1956ರ ಜುಲೈ 7ರ ರಾತ್ರಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡ ನುಡಿಸಿತು. ತಂಡದ ಸ್ಯಾಕ್ಸ್ ವಾದಕ ಪಾಲ್ ಗೊನ್ಸಾಲ್ವಿಸ್ ಎದ್ದು ನಿಂತು ಬ್ಲೂಸಿನ ಆವರ್ತದ ಮೇಲೆ ಒಂದರ ಹಿಂದೆ ಒಂದು 27 ಸುತ್ತು ನುಡಿಸಿದರು. ಕಪ್ಪು ಬಟ್ಟೆ ತೊಟ್ಟ ಒಬ್ಬ ಹೆಂಗಸು ಎದ್ದು ಕುಣಿಯತೊಡಗಿದಳು, ಅವಳನ್ನು ನೋಡಿ ಮಿಕ್ಕ ಜನವೂ ಎದ್ದರು. ಅದು ಹಾಗೇ ಧ್ವನಿಮುದ್ರಿಕೆ ಆಗಿ ಮನೆಮನೆ ಸೇರಿತು ಅಂತ ಎಲ್ಲರೂ ನಂಬಿದ್ದರು. ನಿಜ ಬೇರೆ. ಗೊನ್ಸಾಲ್ವಿಸ್ ರೆಕಾರ್ಡ್ ಕಂಪನಿಯ ಮೈಕ್ ಬಿಟ್ಟು ವಾಯ್ಸ್ ಆಫ್ ಅಮೆರಿಕ ರೇಡಿಯೋದವರ ಮೈಕಿಗೆ ಊದಿದ್ದರು. ಕಂಪನಿಯ ಟೇಪಿನಲ್ಲಿ ಅವರ ಸ್ಯಾಕ್ಸ್ ದೂರದಲ್ಲೆಲ್ಲೋ ಕೇಳುತ್ತಿತ್ತು. ಮುದ್ರಿಕೆಯ ಬೇರೆ ಎಷ್ಟೋ ಭಾಗವನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಜನರ ಚಪ್ಪಾಳೆ ಸೇರಿಸಿದ್ದರು. ರೇಡಿಯೋದವರ ಟೇಪ್ ಸಿಕ್ಕಿ, ಎರಡನ್ನೂ ಕೂಡಿಸಿ ಹೊರತಂದಿದ್ದು 1999ರಲ್ಲಿ. ಅಲ್ಲಿಯವರೆಗೆ ನಲವತ್ತು ವರ್ಷ ಆ ರಾತ್ರಿಯನ್ನು ಸರಿಯಾಗಿ ಇಟ್ಟುಕೊಂಡಿದ್ದವರು ಹುಲ್ಲಿನ ಮೇಲೆ ನಿಂತು ಕುಣಿದವರು. ಆದ್ದರಿಂದ ನಿನ್ನ ಹಿರಿಯರು "ರೆಕಾರ್ಡಲ್ಲಿ ಇರೋ ಹಾಗೆ ಇರಲಿಲ್ಲ ಕಣಪ್ಪಾ" ಅಂದರೆ, ಅದನ್ನು ಮುದುಕರ ಹಳಹಳಿ ಅಂತ ತಳ್ಳಬೇಡ. ಹೇಗಿತ್ತು ಅಂತ ಕೇಳು.

ನಿನಗೆ ಒಂದು ಅಭ್ಯಾಸ ಹೇಳುತ್ತೇನೆ. ಬೇರೆಯವರ ನೆನಪು ಬರೆಯೋ ಮುಂಚೆ ನಿನ್ನದನ್ನೇ ಒಂದು ಬರೆದು ನೋಡು. ಜಾಝೇ ಆಗಬೇಕಿಲ್ಲ. ಚಿಕ್ಕಬಳ್ಳಾಪುರದ ಕಡೆ ಒಳ್ಳೇ ತಮಟೆ ಇದ್ದಲ್ಲಿಗೆ ಹೋಗು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಆ ಸೀಮೆಯಲ್ಲಿ ತಮಟೆ ಅಂದರೆ ಹುಡುಗಾಟ ಅಲ್ಲ. ಬೇಗ ಹೋಗು, ಬಾರಿಸೋಕೆ ಮುಂಚೆ. ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿಯಾಗುತ್ತಾ ಬಂದ ಹಾಗೆ ನಡುನಡುವೆ ಒಂದೊಂದು ಏಟು ಹಾಕಿ ನೋಡುತ್ತಾರೆ. ಮೊದಲು ದಬ್ ದಬ್ ಅನ್ನುತ್ತಿದ್ದದ್ದು ಟಣ್ ಅನ್ನೋಕೆ ಶುರುವಾಗುತ್ತೆ. ಸಾಕು ಅಂತ ಕಿವಿಗೇ ಗೊತ್ತಾಗುತ್ತೆ ಅವರಿಗೆ. ಹೊಗೆ ನಿನ್ನ ಅಂಗಿಗೂ ಹತ್ತುತ್ತೆ. ಫೋನ್ ಜೇಬಲ್ಲೇ ಇರಲಿ. ಒಂದು ವಾರ ಬಿಟ್ಟು ಕೂತು ಬರಿ. ಏನು ಉಳಿದಿದೆ, ಏನು ಹೋಗಿದೆ ಅಂತ ಆಗ ಗೊತ್ತಾಗುತ್ತೆ. ಹಿರಿಯರಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನೋದೂ ಗೊತ್ತಾಗುತ್ತೆ.

ನನ್ನ ವಿಷಯ ಕೇಳಿದ್ದೀಯ, ನಾನು ಯಾರನ್ನು ಕೇಳಿದ್ದೆ ಅಂತ. ಅಮೆರಿಕದವರು ಯಾರನ್ನೂ ಅಲ್ಲ. ನನ್ನ ಪಾಲಿಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲಿನಲ್ಲಿ ಕೇಳಿದ್ದು. ಇಲ್ಲಿಂದ ಬಸ್ಸಲ್ಲಿ ಹೋಗಿದ್ದೆವು. ಚಕ್ಕಳಮಕ್ಕಳ ಹಾಕಿ ಕೂತು ಸ್ಯಾಕ್ಸ್ ಹಿಡಿದ ಮನುಷ್ಯನನ್ನು ಅದುವರೆಗೆ ನೋಡಿರಲಿಲ್ಲ. ಮಿಂಚುವ ರೇಷ್ಮೆ ಜುಬ್ಬ. ನನ್ನ ಪಕ್ಕದ ಅಜ್ಜಿಯ ಎಡಗೈಲಿ ಕೋಸಂಬರಿ ದೊನ್ನೆ, ಬಲಗೈ ತೊಡೆ ಮೇಲೆ ತಾಳ ಹಾಕುತ್ತಿತ್ತು. ಆಲಾಪನೆ ಶುರುವಾದ ಸ್ವಲ್ಪ ಹೊತ್ತಿಗೆ ಆಕೆ "ಇದು ನಮ್ಮ ಓಲಗದೋರ ಉಸಿರು" ಅಂದರು. ಸರಿಯಾಗೇ ಹೇಳಿದ್ದರು. ಕದ್ರಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ನೋಡಿ ಮರುಳಾದವರು. ಬಾಂಬೆಯಲ್ಲಿ ಅವರ ಕಛೇರಿ ಕೇಳಿದ ಜಾಝ್ ವಾದಕ ಜಾನ್ ಹ್ಯಾಂಡಿ, ನಾನೂ ವೇದಿಕೆಗೆ ಬಂದು ಜೊತೆಗೆ ನುಡಿಸಲಾ ಅಂತ ಕೇಳಿದ್ದರು. ಅವತ್ತು ಯಾವ ರಾಗ ಅಂತ ಕೇಳಬೇಡ, ನನಗೆ ಅಜ್ಜಿ ಚೆನ್ನಾಗಿ ನೆನಪಿದ್ದಾರೆ.

ಭಾಷೆ ಬಗ್ಗೆ ಒಂದು ಮಾತು. ಕೆ.ಜಿ.ಎಫ್. ಜನ ಒಂದೇ ವಾಕ್ಯದಲ್ಲಿ ತಮಿಳು, ಇಂಗ್ಲಿಷ್, ಕನ್ನಡ, ತೆಲುಗು ಎಲ್ಲಾ ಓಡಿಸುತ್ತಾರೆ. ನೀನು ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಕನ್ನಡ ಹಾಕಿದ್ದೀಯ. ಗಣಿಯ ಫಿಟ್ಟರ್ "ಅವರ ವಾದನ ನನ್ನ ಅಂತರಂಗವನ್ನು ತಟ್ಟಿತು" ಅನ್ನುತ್ತಾರಾ? ಅವರು ಏನಂದರೋ ಅದನ್ನೇ ಬರಿ. ಅರ್ಥವಾಗದ ಕಡೆ ಮಾತ್ರ ಸ್ವಲ್ಪ ಕೈ ಹಾಕು.

ಕೊನೆಗೆ, ಆಂಡರ್ಸನ್‌ಪೇಟೆಯ ಆ ಅಮ್ಮನ ವಿಷಯ. ಗಂಡನ ಜೊತೆ ಬೆಂಗಳೂರಿಗೆ ಹೋಗಿ ಎಷ್ಟೋ ಬ್ಯಾಂಡ್ ಕೇಳಿದವರು, ಆದರೆ "ಏನೂ ನೆನಪಿಲ್ಲಪ್ಪ" ಅಂದರು, ಅದಕ್ಕೆ ಬಿಟ್ಟುಬಿಟ್ಟೆ ಅಂತ ಪತ್ರದಲ್ಲಿ ಬರೆದಿದ್ದೀಯ. ಬಿಡಬೇಡ. ನೀನು ಕೇಳಿದ್ದು "ಸಂಗೀತ ಹೇಗಿತ್ತು" ಅಂತ. ಅದಕ್ಕೆ ಯಾರಿಗೂ ಉತ್ತರ ಬರಲ್ಲ. ಗಂಡಸರು ಕೇಳಿದ ರೆಕಾರ್ಡಿನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾರೆ, ಆಕೆ ತಪ್ಪಿಸಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಸಲ ಹೋಗು. ಆ ರಾತ್ರಿ ಮಕ್ಕಳನ್ನು ಯಾರ ಮನೆಯಲ್ಲಿ ಬಿಟ್ಟಿದ್ದಿರಿ ಅಂತ ಕೇಳು. ಯಾವ ಚಪ್ಪಲಿ ಹಾಕಿದ್ದಿರಿ, ಕಾಲು ನೋಯಿತಾ ಅಂತ ಕೇಳು. ವಾಪಸ್ ಬರೋಕೆ ಮಾರಿಕುಪ್ಪಂ ರೈಲುಗಾಡಿ ಸಿಕ್ಕಿತಾ, ಬಂಗಾರಪೇಟೆಯಲ್ಲೇ ಬೆಳಗು ಮಾಡಿದಿರಾ ಅಂತ ಕೇಳು. ಹಳೇ ಫೋಟೊ ಇದ್ದರೆ ಹಿಂಬದಿ ತಿರುಗಿಸಿ ನೋಡೋದು ಮರೀಬೇಡ, ಆಗಿನ ಸ್ಟುಡಿಯೋದವರು ತಾರೀಖು ಒತ್ತಿರುತ್ತಿದ್ದರು.

ಎರಡನೇ ಪ್ರತಿ ಸಿದ್ಧವಾದ ಮೇಲೆ ಕಳಿಸು. ಸಾಲುಗಳ ಮಧ್ಯೆ ಜಾಗ ಬಿಟ್ಟು ಪ್ರಿಂಟ್ ಹಾಕಿಸು, ಫೋನಿನಲ್ಲಿ ಕಳಿಸಿದರೆ ನಾನು ಓದಲ್ಲ.

ಇಂತಿ ನಿನ್ನ ಅಕ್ಕ,
ಕೋಲಾರ