ಮಣ್ಣು ಬಿದ್ದ ದಿನವೇ ಬನ್ನಿ, ಸಚಿವರೇ

ಕರ್ನಾಟಕ ಸರ್ಕಾರದ ಅರಣ್ಯ, ಪರಿಸರ ಮತ್ತು ಜೀವಿಶಾಸ್ತ್ರ ಸಚಿವರಿಗೆ,

ನಮಸ್ಕಾರ. ನಾನು ಕುಮಟಾ ತಾಲೂಕಿನವನು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ನಮ್ಮ ಮನೆಯವರಿಗೆ ಎರಡು ಎಕರೆ ಗಜನಿ ಇದೆ. ಘಟ್ಟದ ಮೇಲಿನವರಿಗೆ ಗಜನಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಹೊಳೆಯ ಉಪ್ಪುನೀರು ಹತ್ತುವ ಗದ್ದೆ ಅದು. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಸಿಗಡಿ, ಏಡಿ. ಸುತ್ತ ಒಂದು ಕಟ್ಟೆ, ಕಟ್ಟೆಗೊಂದು ಜಂತ್ರಡಿ. ನೀರು ಒಳಗೆ ಬಿಡುವುದು, ಹೊರಗೆ ಹಾಕುವುದು ಅದರಿಂದಲೇ. ಆ ಹಲಗೆ ಏರಿಸಿ ಇಳಿಸಿಯೇ ನಾನು ದೊಡ್ಡವನಾದದ್ದು.

2024ರ ಜನವರಿ ಕೊನೆಗೆ ನಮ್ಮ ಅಳಿವೆ ಜಗತ್ತಿನ ಮಹತ್ವದ ತೇವಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಪೇಪರಿನಲ್ಲಿ ಫೋಟೋ ನೋಡಿ ನಮಗೂ ಖುಷಿಯಾಯಿತು. ಇನ್ನು ಯಾರೂ ಇಲ್ಲಿ ಬೇಕಾಬಿಟ್ಟಿ ಕಟ್ಟುವ ಹಾಗಿಲ್ಲ ಅಂದುಕೊಂಡೆವು. ಆಮೇಲೆ ಗೊತ್ತಾಯಿತು, 2017ರ ತೇವಭೂಮಿ ನಿಯಮ ರಾಮ್ಸಾರ್ ಜಾಗಗಳಿಗೆ ಅನ್ವಯ ಅನ್ನುತ್ತದೆ, ಮುಂದಿನ ಸಾಲಿನಲ್ಲೇ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ಕಾನೂನು) ಇರುವ ಕಡೆ ತನ್ನದು ನಡೆಯುವುದಿಲ್ಲ ಅನ್ನುತ್ತದೆ. ಅಂದರೆ ಭರತಿ ನೀರು ಏರಿ ಇಳಿಯುವ ನಮ್ಮ ದಂಡೆಯನ್ನು ಕಾಯಬೇಕಾದ್ದು ಹಳೇ ಸಿಆರ್‌ಝಡ್ಡೇ. ಅದು ಎಷ್ಟು ಕಾಯುತ್ತಿದೆ ಅನ್ನುವುದಕ್ಕೆ ನಮ್ಮೂರಿನದೇ ಒಂದು ಕತೆ ಹೇಳುತ್ತೇನೆ.

ಒಂದು ಬೇಸಿಗೆಯಲ್ಲಿ ನಮ್ಮ ಕಟ್ಟೆಯ ಆಚೆ ರಾತ್ರಿ ಟಿಪ್ಪರ್ ಓಡಾಡಿದವು. ಬೆಳಿಗ್ಗೆ ನೋಡಿದರೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮೇಲೇ ಕೆಂಪು ಮಣ್ಣು. 1991ಕ್ಕಿಂತ ಹಳೆಯ ಕಟ್ಟೆ ಇದ್ದರೆ ಭರತಿ ಗೆರೆ, ಅಂದರೆ ಭರತಿ ನೀರು ಏರುವ ಮಿತಿ, ಕಟ್ಟೆಗೇ ನಿಲ್ಲುತ್ತದೆ ಅಂತ ಕಾನೂನಿದೆ. ನಮ್ಮ ಕಟ್ಟೆ ಅಜ್ಜನ ಕಾಲದ್ದು. ಈ ಮಣ್ಣು ಬಿದ್ದದ್ದು ಕಟ್ಟೆಯ ಹೊರಗೆ, ನೀರಿನ ಪಾಲಿನ ಜಾಗದಲ್ಲಿ. ಅಲ್ಲಿ ಮನೆ ಕಟ್ಟುವ ಮಾತು ಹಾಗಿರಲಿ, ಒಂದು ಬುಟ್ಟಿ ಮಣ್ಣು ಹಾಕುವುದೂ ತಪ್ಪು.

ಅರ್ಜಿ ಕೊಟ್ಟೆ. ಒಂದು ಕಚೇರಿಯವರು ನಮ್ಮದಲ್ಲ ಅಂದರು, ಇನ್ನೊಂದು ಕಚೇರಿಯವರು ಬೆಂಗಳೂರಿಗೆ ಬರೆದಿದ್ದೇವೆ ಅಂದರು. ಮಳೆಗಾಲ ಬಂತು. ಆ ಮಣ್ಣು ಕರಗಿ ಕೆಂಪು ನೀರಾಗಿ, ನಮ್ಮ ಹೆಂಗಸರು ಬಳಚು (ಚಿಪ್ಪುಮೀನು) ಆಯುವ ಜಾಗದ ಮೇಲೆ ಹೋಗಿ ಕೂತಿತು. ಮಳೆ ಮುಗಿದ ಮೇಲೆ ಪರಿಶೀಲನೆಗೆ ಒಬ್ಬರು ಬಂದರು. ಬಂದದ್ದು ಇಳಿತದ ಹೊತ್ತಿಗೆ. ಸುತ್ತ ನೋಡಿ, "ಇಲ್ಲಿ ನೀರೆಲ್ಲಿದೆ ಮಾರಾಯ್ರೆ?" ಅಂತ ಕೇಳಿದರು. ನಮ್ಮ ಆಯಿ ಮೀನಿನ ಬುಟ್ಟಿ ಕೆಳಗಿಟ್ಟು, "ಸಂಜೆವರೆಗೆ ನಿಂತ್ಕಳಿ, ಅದೇ ಬರ್ತದೆ" ಅಂದಳು. ಅವರು ನಿಲ್ಲಲಿಲ್ಲ.

ಕೊನೆಗೆ ನೋಟಿಸು ಬಂತು. ಅಷ್ಟರಲ್ಲಿ ಅದನ್ನು ಅಂಟಿಸಲು ಒಂದು ಗೇಟು ತಯಾರಾಗಿತ್ತು. ಗೇಟಿನ ಹಿಂದೆ ಚಿರೇಕಲ್ಲಿನ ನಾಲ್ಕು ಕೋಣೆ. ಈಗ ಅಲ್ಲಿ ರಾತ್ರಿ ಬಣ್ಣದ ಲೈಟು ಉರಿಯುತ್ತದೆ.

ನಮ್ಮ ಕೇರಿಯಲ್ಲಿ ಇನ್ನೊಂದು ಮನೆ ಇದೆ. ದೋಣಿ ಮೀನುಗಾರ ಅಣ್ಣನದು. ಹಂಚಿನ ಮನೆಯ ಹಿಂದೆ, ಮದುವೆಯಾದ ಮಗನಿಗೆ ಅಂತ ಒಂದು ಕೋಣೆ ಎತ್ತಲು ಹೊರಟ. ಸಿಆರ್‌ಝಡ್ ಕಾಗದ ತಾ ಅಂದರು. ಮೂರು ವರ್ಷದಿಂದ ತಿರುಗುತ್ತಿದ್ದಾನೆ. ಮಗ ಸೊಸೆ ಜಗಲಿಯಲ್ಲಿ ಮಲಗುತ್ತಾರೆ. ಕಾನೂನು ಇಲ್ಲ ಅಂತ ನಾನು ಹೇಳುವುದೇ ಇಲ್ಲ ಸಚಿವರೇ. ಇದೆ. ಅರ್ಜಿ ಹಿಡಿದು ಬಾಗಿಲಿಗೆ ಬಂದವನ ಮೇಲೆ ಮಾತ್ರ ಅದು ನಡೆಯುತ್ತದೆ. ಕೇಳದೇ ಕಟ್ಟಿದವನಿಗೆ ಒಂದು ನೋಟಿಸು, ಆಮೇಲೆ ಒಂದು ತಡೆಯಾಜ್ಞೆ, ಆಮೇಲೆ ಸಕ್ರಮದ ಆಸೆ. ಗೋಕರ್ಣದ ಕಡೆ ಬೀಚಿಗೆ ಹೋಗಿ ನೋಡಿ, ತೆಂಗಿನ ಗರಿಯ ಗುಡಿಸಲು ಅಂತ ಶುರುವಾದದ್ದು ಮೂರು ಮಳೆಗಾಲ ಕಳೆಯುವುದರೊಳಗೆ ಸ್ಲ್ಯಾಬ್ ಹಾಕಿಕೊಂಡಿರುತ್ತದೆ.

ಎಷ್ಟೇ ತಡವಾದರೂ ಒಡೆಸಬಹುದಲ್ಲ ಅಂತ ನೀವು ಹೇಳಬಹುದು. ಕೇರಳದ ಮರಡು ಊರಿನಲ್ಲಿ ಇದೇ ಕಾನೂನು ಮೀರಿ ಕಟ್ಟಿದ್ದನ್ನು ಒಡೆಸಿದರು. ಅಲ್ಲಿ ಪಂಚಾಯ್ತಿ ಪರವಾನಗಿ ಕೊಟ್ಟದ್ದು 2006ರಲ್ಲಿ. ಸುಪ್ರೀಂ ಕೋರ್ಟ್ ಕೆಡವಿ ಅಂದದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ಅಪಾರ್ಟ್‌ಮೆಂಟ್‌ಗಳನ್ನು ಮದ್ದು ಇಟ್ಟು ಬೀಳಿಸಿದ್ದು 2020ರ ಜನವರಿ 11 ಮತ್ತು 12ರಂದು. ಟಿವಿಯಲ್ಲಿ ಎಲ್ಲರೂ ನೋಡಿದೆವು. ಮನೆ ಕೊಂಡವರು ಸಾಮಾನು ಹೊತ್ತುಕೊಂಡು ಹೊರಟರು, ಒಬ್ಬೊಬ್ಬರಿಗೆ 25 ಲಕ್ಷ ಮಧ್ಯಂತರ ಪರಿಹಾರ ಅಂತಾಯಿತು, ಹಿನ್ನೀರಿನ ಪಕ್ಕ ಕಾಂಕ್ರೀಟ್ ಗುಡ್ಡೆ ಬಿತ್ತು. ಸುಮಾರು 14 ವರ್ಷ! ಮೊದಲ ಪಾಯ ತೋಡಿದಾಗಲೇ ಯಾರಾದರೂ ಹೋಗಿ ಜೆಸಿಬಿ ಕೀಲಿ ಕಿತ್ತುಕೊಂಡಿದ್ದರೆ ಇಷ್ಟೆಲ್ಲ ಬೇಕಿತ್ತಾ?

ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂತಲೂ ಅಲ್ಲ. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ನಿಮ್ಮ ಇಲಾಖೆಯದೇ. ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಲ್ಲಿ ಕರೆಂಟು, ನೀರು ನಿಲ್ಲಿಸುವ ದಾರಿ ಇದೆ. ಮೀಟರು ಕಿತ್ತರೆ ಬಣ್ಣದ ಲೈಟಿನ ರೆಸಾರ್ಟ್ ಒಂದು ವಾರ ನಡೆಯುವುದಿಲ್ಲ. 2024ರ ಏಪ್ರಿಲ್‌ನಿಂದ ಈ ಕಾಯ್ದೆಯಲ್ಲಿ ಜೈಲಿನ ಬದಲು ದಂಡ ಬಂದಿದೆ, 10 ಸಾವಿರದಿಂದ 15 ಲಕ್ಷದವರೆಗೆ. ದಯವಿಟ್ಟು ಆ 10 ಸಾವಿರದ ತುದಿ ಹಿಡಿಯಬೇಡಿ. ಸೀಸನ್ನಿನಲ್ಲಿ ಅದು ಅವರಿಗೆ ಒಂದೆರಡು ರಾತ್ರಿಯ ಬಾಡಿಗೆ.

ಮತ್ತೆ ಆ ಭರತಿ ಗೆರೆ. ಅದು ನಕಾಶೆಯಲ್ಲಿದೆ, ನೆಲದ ಮೇಲೆ ಎಲ್ಲೂ ಕಾಣುವುದಿಲ್ಲ. ಸರ್ವೆ ಕಲ್ಲಿನ ಹಾಗೆ ಕಲ್ಲು ನೆಡಿಸಿ, ಕೆಂಪು ಬಣ್ಣ ಬಳಿಸಿ. ಆಗ ದೂರು ಕೊಡಲು ನನ್ನಂಥವನು ಬೇಕಾಗುವುದಿಲ್ಲ, ಶಾಲೆಗೆ ಹೋಗುವ ಮಕ್ಕಳೇ ಹೇಳುತ್ತಾರೆ. ಈ ಕರಾವಳಿ ಕಾನೂನು ನೋಡಿಕೊಳ್ಳುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯಲ್ಲಿ ಕರಾವಳಿ ಜನರ ಮೂವರಾದರೂ ಇರಬೇಕು ಅಂತ ನಿಯಮವಿದೆಯಲ್ಲ, ಆ ಮೂವರು ಯಾರು ಅಂತ ಪಂಚಾಯ್ತಿ ಬೋರ್ಡಿಗೆ ಹಾಕಿಸಿ. ರಾತ್ರಿ ಟಿಪ್ಪರ್ ಬಂದರೆ ಫೋನ್ ಮಾಡಲು ಒಂದು ನಂಬರ್ ಇರಲಿ. ಫೋನ್ ಎತ್ತುವವರೂ ಇರಲಿ.

ಗಜನಿ ಮಾಡುವವರು ಕಡಿಮೆಯಾಗಿದ್ದಾರೆ ಅನ್ನುವುದೂ ನಿಜ. ಕಟ್ಟೆ ಒಡೆದರೆ ಕಟ್ಟಿಸಲು ದುಡ್ಡಿಲ್ಲ. ಪಡ ಬಿದ್ದ ಗದ್ದೆಗೆ ಹೊರಗಿನವರು ಒಳ್ಳೇ ರೇಟು ಹೇಳುತ್ತಾರೆ, ನಮ್ಮವರೇ ಕೊಡುತ್ತಾರೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದು ಬೇರೆಯೇ ಕತೆ.

ಸದ್ಯಕ್ಕೆ ಒಂದು ಸಲ ಬಂದು ನೋಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆ ನೋಡಿಕೊಂಡು ದೊಡ್ಡ ಭರತಿ ಹೊತ್ತಿಗೇ ಬನ್ನಿ. ಕಟ್ಟೆಯ ಮೇಲೆ ಕಾರು ಬರುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕಾಲು ಕಿಲೋಮೀಟರ್ ನಡೆಯಬೇಕಾಗುತ್ತದೆ.

ಇತಿ,
ಅಘನಾಶಿನಿ ದಂಡೆಯ ಒಬ್ಬ ಗಜನಿ ರೈತ